ಅಮಾವಾಸ್ಯೆ ಹಿಡಿದ ನಾಯಿ

"ಗುರುಗಳೇ, ಮಠದ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ರುದ್ರಯ್ಯ ಬೆಳಗಿನಿಂದ ಸಂಜೆಯವರೆಗೆ ನನ್ನ ಮೇಲೆ ರೇಗುತ್ತಲೇ ಇರುತ್ತಾನೆ. ನಾನೋ ನನ್ನ ಪಾಡಿಗೆ ನಾನಿರುವವನು. ಅವನ ಬಾಯಿ ಮುಚ್ಚಿಸುವುದು ಹೇಗೆ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಅವನ ಮುಖ ನೋಡಿದರು. "ಹೀಗೇ ಬಾಯಿ ಮುಚ್ಚಿಸಲು ಹೊರಟ ನೇಕಾರನೊಬ್ಬನಿದ್ದ. ಅವನ ಕತೆ ಕೇಳು" ಎಂದು ಶುರು ಮಾಡಿದರು.

ಆ ನೇಕಾರನ ಮನೆಯಲ್ಲಿ ಕೆಂಚ ಎಂಬ ನಾಯಿ ಇತ್ತು. ಕಣ್ಣು ಬಿಡದ ಮರಿಯಾಗಿದ್ದಾಗ ತಾಯಿ ಸತ್ತಿತ್ತು. ನೇಕಾರ ನೂಲಿನ ಎಳೆಯನ್ನು ಹಾಲಿನಲ್ಲಿ ಅದ್ದಿ, ಅದರ ಬಾಯಿಗಿಟ್ಟು ಬದುಕಿಸಿದ್ದ. ಮಕ್ಕಳನ್ನಾದರೂ ಬೈದಾನು, ಕೆಂಚನನ್ನು ಬೈದವನಲ್ಲ. ಅದು ನಾಯಿಯಾದ ಮೇಲೆ ದಾರಿಹೋಕರನ್ನು ಕಂಡು ನಾಲ್ಕು ಸಲ ಬೊಗಳುತ್ತಿತ್ತು. ನಾಯಿ ಬೊಗಳದೆ ಭಜನೆ ಮಾಡುತ್ತದೆಯೇ? ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೀಗಿರುವಾಗ ಮಗಳು ಬಾಣಂತನಕ್ಕೆ ಬಂದಳು. ಮನೆಗೆ ಕೂಸು ಬಂತು. ನಾಯಿ ಬೊಗಳಿದಾಗಲೆಲ್ಲ ಕೂಸು ಬೆಚ್ಚಿ ಬೀಳುವುದು, ಕಿರುಚುವುದು. ಮಲಗಿಸಿ ಮಲಗಿಸಿ ಬಾಣಂತಿಯ ಕಣ್ಣು ಗುಳಿ ಬಿದ್ದವು. ನೇಕಾರ ನಾಯಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದ. ಕಟ್ಟಿದರೆ ಬಾಯಿ ನಿಲ್ಲುತ್ತದೆಯೇ, ಬೊಗಳಿತು. ಅವನು ಕುಣಿಮಗ್ಗದವನು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಬೊಗಳಿದಾಗಲೆಲ್ಲ ಕುಣಿಯಿಂದ ಎದ್ದು ಹೋಗಿ ಗದರಿಸಿ ಬಂದರೆ ಸೀರೆ ಮುಗಿಯುವುದು ಯಾವಾಗ?

ಅವನೊಂದು ಉಪಾಯ ಹೂಡಿದ. ನಾಯಿಯ ಕೊರಳಿಗೆ ಗಟ್ಟಿ ದಾರವೊಂದನ್ನು ಕಟ್ಟಿ, ಹೊಸ್ತಿಲ ಮೇಲಿಂದ ಒಳಗೆ ತಂದ. ಅದು ಬೊಗಳಿದಾಗ ಜಗ್ಗಿದರಾಯಿತು. ಆದರೆ ಒಂದು ಕೈ ಲಾಳಿ ಓಡಿಸಬೇಕು, ಇನ್ನೊಂದು ಕೈ ನೇಯ್ಗೆ ಬಡಿಯಬೇಕು. ಕೈ ಎಲ್ಲಿ ಖಾಲಿ? ದಾರದ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಸುತ್ತಿಕೊಂಡ. "ಹೆಂಗೈತಿ ನನ್ನ ತಲಿ?" ಎಂದು ಹೆಂಡತಿ ನಿಂಬೆವ್ವನ ಮುಂದೆ ಹೇಳಿಕೊಂಡ. ಅವಳು ನೋಡಿ ನಕ್ಕಳು.

ಮೊದಲ ದಿನ ಉಪಾಯ ಫಲಿಸಿತು. ನಾಯಿ ಬೊಗಳಿತು, ಇವನು ಕಾಲು ಜಗ್ಗಿದ, ಕೊರಳು ಸೆಳೆದದ್ದಕ್ಕೆ ಅದು ಗಾಬರಿಯಾಗಿ ಸುಮ್ಮನಾಯಿತು. ಆದರೆ ದಾರ ಸಡಿಲವಿದ್ದುದರಿಂದ ಜಗ್ಗಿದ್ದು ಮುಟ್ಟಲು ಚೂರು ತಡವಾಗುತ್ತಿತ್ತು. ನೇಕಾರನಿಗೆ ಸಡಿಲ ಎಳೆ ಕಂಡರೆ ಆಗುವುದುಂಟೇ? ಮರುದಿನ ಅದನ್ನು ಮಗ್ಗಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಯಂತೆ ಬಿಗಿ ಮಾಡಿದ.

ಅಂದಿನಿಂದ ಕೆಂಚನಿಗೆ ಹುಚ್ಚೇ ಹಿಡಿಯಿತು. ದಾರಿಯಲ್ಲಿ ಜನವಿಲ್ಲ, ದನವಿಲ್ಲ, ಬೊಗಳಿದ್ದೇ ಬೊಗಳಿದ್ದು. ನೇಕಾರ ಮತ್ತಷ್ಟು ಜೋರಾಗಿ ಜಗ್ಗಿದ. ಅದು ಮತ್ತಷ್ಟು ಜೋರಾಗಿ ಬೊಗಳಿತು. "ಸೊಕ್ಕು ಬಂದೈತಿ ನಿನಗ" ಎಂದು ಕುಣಿಯಿಂದಲೇ ಕೂಗಿದ. ಒಳಗೆ ಕೂಸು ಚೀರಿತು.

ನಿಂಬೆವ್ವ ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು. "ನೋಡ್ರಿ, ಈ ಮನ್ಯಾಗ ನಾಯಿ ಇರಬೇಕು, ಇಲ್ಲಾ ನಾವಿರಬೇಕು. ಅದು ಹೋಗಲಿಲ್ಲಂದ್ರ ಮಗಳನ್ನೂ ಕೂಸನ್ನೂ ಕರಕೊಂಡು ನಾನು ತಮ್ಮನ ಮನಿಗೆ ಹೊಂಟೆ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನೇಕಾರ ಊರಾಚೆ ಹಟ್ಟಿ ಹಾಕಿದ್ದ ಕುರಿಗಾರನಿಗೆ ಹೇಳಿ ಕಳಿಸಿದ. ಮರುದಿನ ಕುರಿಗಾರ ಬಂದು ನಾಯಿಯ ಹಲ್ಲು ನೋಡಿದ, ಕಾಲು ನೋಡಿದ, ಒಪ್ಪಿದ. "ಆದ್ರ ಇವತ್ತು ಅಮಾಸಿ. ಅಮಾಸಿ ದಿನ ಹೊಸ ಜೀವ ಹಟ್ಟಿಗೆ ಒಯ್ಯೂದಿಲ್ಲ. ನಾಳೆ ಮುಂಜಾನೆ ಬರ್ತೀನಿ" ಎಂದು ಹೋದ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಅದು ಹಿಂದಿನಿಂದ ಬಂದ ಪದ್ಧತಿ. ಇವನೂ ಮಗ್ಗಕ್ಕೆ ಕುಂಕುಮವಿಟ್ಟು, ಕಾಲಿನ ದಾರ ಬಿಚ್ಚಿಟ್ಟು, ಜಗಲಿಯಲ್ಲಿ ನಾಯಿಯ ಪಕ್ಕ ಕೂತ. ಆಶ್ಚರ್ಯವೆಂದರೆ ಅಂದು ಕೆಂಚ ಬಾಯಿಯೇ ಬಿಡಲಿಲ್ಲ. ಬಳೆಗಾರ ಬಂದಾಗ ಎರಡು ಸಲ ಬೊಗಳಿದ್ದು ಬಿಟ್ಟರೆ, ದಿನವಿಡೀ ಅವನ ತೊಡೆಗೆ ತಲೆಯಿಟ್ಟು ಮಲಗಿತ್ತು. ಕೂಸೂ ಕಣ್ತುಂಬ ನಿದ್ದೆ ಮಾಡಿತು.

"ಅಯ್ಯ, ಇದೂ ಅಮಾಸಿ ಹಿಡದೈತೇನ್ರಿ?" ಎಂದು ನಿಂಬೆವ್ವ ಬೆರಗಾದಳು.

ಹೋಗುವ ದಿನ ತಿಳಿದು ಪಾಪ ಒಳ್ಳೆಯದಾಗಿದೆ ಎಂದು ನೇಕಾರ ಅಂದುಕೊಂಡ. ಅದಕ್ಕೆ ಹೋಳಿಗೆ ತಿನ್ನಿಸಿದ. ತಾನು ಮಾತ್ರ ಅರ್ಧಕ್ಕೇ ಎದ್ದ. ನಾಯಿಗಾಗಿ ಗಂಡಸು ಅಳುವುದೇ ಎಂದು ಹಿತ್ತಲಿಗೆ ಹೋಗಿ ಅತ್ತ.

ಮರುದಿನ ಬೆಳಗ್ಗೆ ಕುರಿಗಾರ ಬಂದ. ನಿಂಬೆವ್ವ ಅವನಿಗೆ ರೊಟ್ಟಿ ಕೊಟ್ಟಳು. ಅವನು ಜಗಲಿಯಲ್ಲಿ ಕೂತು ತಿನ್ನತೊಡಗಿದ. ನಾಯಿ ಹೋಗುವುದನ್ನು ಕಣ್ಣಾರೆ ನೋಡಲಾರೆನೆಂದು ನೇಕಾರ ಕುಣಿಗೆ ಇಳಿದ. ರೂಢಿಯಂತೆ ದಾರವನ್ನು ಬೆರಳಿಗೆ ಬಿಗಿದುಕೊಂಡು ನೇಯತೊಡಗಿದ. ಲಾಳಿ ಓಡಿತು. ನಾಯಿ ಬೊಗಳಿತು. ಕೂಸು ಚೀರಿತು.

"ಕೇಳಿದ್ರೆಲ್ಲ? ನಾಯಿ ಬಾಲ ಡೊಂಕ" ಎಂದಳು ನಿಂಬೆವ್ವ. ಅವಳ ಕಣ್ಣಲ್ಲೂ ನೀರಿತ್ತು.

ಕುರಿಗಾರ ಹುಟ್ಟಿದ್ದೇ ನಾಯಿಗಳ ನಡುವೆ. ಅವನು ರೊಟ್ಟಿ ಅಗಿಯುತ್ತ ನಾಯಿಯನ್ನು ನೋಡಿದ. ಅದರ ಕೊರಳು ನೋಡಿದ. ದಾರದ ಗುಂಟ ಕಣ್ಣು ಹಾಯಿಸುತ್ತ ಒಳಗೆ ಬಗ್ಗಿ ಕುಣಿ ನೋಡಿದ.

"ಅಣ್ಣಾ, ಮಗ್ಗ ನಿಂದರಸು" ಎಂದ. ನೇಕಾರ ನಿಲ್ಲಿಸಿದ. ನಾಯಿ ಸುಮ್ಮನಾಯಿತು.

"ಈಗ ನೇಯಿ." ನೇಯ್ದ. ನಾಯಿ ಬೊಗಳಿತು.

ಮೂರು ಸಲ ಹಾಗೆ ಮಾಡಿಸಿ ಕುರಿಗಾರ ಬಿದ್ದು ಬಿದ್ದು ನಕ್ಕ. "ನಾಯಿ ಎಲ್ಲಿ ಬೊಗಳತೈತೋ ಮಾರಾಯಾ, ನಿನ್ನ ಕಾಲು ಬೊಗಳಸತೈತಿ! ನೀ ಮಗ್ಗದ ಮಣಿ ತುಳದಾಗೊಮ್ಮೆ ಅದರ ಕುತ್ತಿಗಿ ಜಗ್ಗತೈತಲ್ಲ!"

ನೇಕಾರ ಬಗ್ಗಿ ತನ್ನ ಕಾಲು ನೋಡಿಕೊಂಡ. ಎಳೆ ಎತ್ತಿ ಇಳಿಸುವ ಮಗ್ಗದ ಮಣೆಯನ್ನು ಮೂವತ್ತು ವರ್ಷ ತುಳಿದ ಕಾಲು ಅದು. ಲಾಳಿ ಓಡಿದರೆ ಅದು ತಾನಾಗಿ ತುಳಿಯುತ್ತಿತ್ತು, ಇವನು ಹೇಳಬೇಕಿರಲಿಲ್ಲ. ತುಳಿಯುತ್ತಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಕತ್ತರಿ ತೆಗೆದು ದಾರ ಕತ್ತರಿಸಿದ. ಜಗಲಿಗೆ ಓಡಿ ಬಂದು ನಾಯಿಯ ಕೊರಳು ಸವರಿದ. ಅಲ್ಲಿ ಕೂದಲು ಸವೆದು ಚರ್ಮ ಕೆಂಪಾಗಿತ್ತು. "ತಪ್ಪಾತೋ ಕೆಂಚಾ" ಎಂದು ಎಲ್ಲರೆದುರಿಗೇ ಅತ್ತ. ನಾಯಿ ಅವನ ಮುಖ ನೆಕ್ಕಿತು. ಕುರಿಗಾರ ಇನ್ನೆರಡು ರೊಟ್ಟಿ ತಿಂದು, ನಾಯಿಯಿಲ್ಲದೆಯೇ ಸಂತೋಷವಾಗಿ ಹೋದ. ಆಮೇಲೆ ಮಗ್ಗದ ಸದ್ದಿಗೆ ಕೂಸು ಜೋಗುಳ ಕೇಳಿದಂತೆ ಮಲಗತೊಡಗಿತು. ಯಾರಾದರೂ ಬಂದರೆ ಕೆಂಚ ಮೊದಲಿನಂತೆ ನಾಲ್ಕು ಸಲ ಬೊಗಳುತ್ತಿತ್ತು. ನೇಕಾರ ಒಳಗಿನಿಂದ "ಆತೋ, ಕೇಳಸ್ತು" ಎನ್ನುತ್ತಿದ್ದ. ಅದು ಬಾಲ ಅಲ್ಲಾಡಿಸಿ ಮಲಗುತ್ತಿತ್ತು.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪನಿಗೆ ನಗು ತಡೆಯಲಾಗಲಿಲ್ಲ.

"ಎಂಥ ಪೆದ್ದ, ಗುರುಗಳೇ! ದಿನವೆಲ್ಲ ತಾನೇ ಜಗ್ಗುತ್ತ, ನಾಯಿಯನ್ನು ಓಡಿಸಲು ಹೊರಟಿದ್ದನಲ್ಲ!" ಎಂದ.

ಗುರುಗಳೂ ನಕ್ಕರು. ನಗುತ್ತಲೇ ಹೇಳಿದರು:

"ನಾಳೆ ನೀವಿಬ್ಬರೂ ಅಡುಗೆಗೆ ನಿಂತಾಗ, ನಾನೂ ಒಂದು ರೊಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ಕೂರುತ್ತೇನಪ್ಪಾ."