ದಡ ತಿಂದ ಸರೋವರ

ಉತ್ತರದ ಹಿಮನಾಡಿನಲ್ಲಿ, ಮಣ್ಣೂ ನೀರೂ ಕಲ್ಲಿನಂತೆ ಹೆಪ್ಪುಗಟ್ಟಿದ ದಡವೊಂದು ಸಾವಿರಾರು ವರ್ಷಗಳಿಂದ ಒಂದು ಸರೋವರವನ್ನು ತೋಳಲ್ಲಿ ಹಿಡಿದುಕೊಂಡಿತ್ತು. ಈಚೀಚೆಗೆ ಬೇಸಿಗೆಗಳು ಬಿಸಿಯೇರಿದವು. ಬೆಚ್ಚಗಾದ ಸರೋವರ ದಡವನ್ನು ನೆಕ್ಕಿ ನೆಕ್ಕಿ ಕರಗಿಸತೊಡಗಿತು.

“ಸಾಕು ಮಾಡು! ಎಷ್ಟು ಸಲ ಬಡಕೊಳ್ಳಲಿ? ನನ್ನಾಚೆಗೆ ಬರೀ ಇಳಿಜಾರು, ಅದರ ಕೆಳಗೆ ನದಿ,” ಎಂದು ದಡ ಸಿಡಿಮಿಡಿಗೊಂಡಿತು.

“ವರ್ಷವೂ ನಿನ್ನದು ಇದೇ ರಾಗ. ಹೋದ ವರ್ಷಕ್ಕಿಂತ ನೂರು ಮಾರು ಅಗಲವಾಗಿದ್ದೇನೆ, ಅದಕ್ಕೇ ನಿನಗೆ ಹೊಟ್ಟೆಕಿಚ್ಚು,” ಎಂದು ಸರೋವರ ಇನ್ನೊಂದು ತುತ್ತು ಕಚ್ಚಿತು.

ಆ ತುತ್ತಿಗೇ ದಡ ಒಡೆಯಿತು. ನೀರೆಲ್ಲ ನದಿಯತ್ತ ಧುಮುಕಿತು.

“ಅಯ್ಯೋ, ಹಿಡಿದುಕೋ ನನ್ನನ್ನು!” ಎಂದು ಸರೋವರ ಕೂಗಿತು.

“ಯಾವ ಕೈಯಿಂದ ಹಿಡಿಯಲಿ ಮಹಾತಾಯಿ?” ಎಂದಿತು ಅಳಿದುಳಿದ ದಡ. “ಇಷ್ಟು ವರ್ಷ ನೀನು ತಿಂದದ್ದು ಅದನ್ನೇ ಅಲ್ಲವೇ?”