ಎರಡೂ ಹೂ ಬಲಕ್ಕೆ

“ಬುದ್ಧಿ, ಮೊದಲ ಹೆರಿಗೆ ಆಪರೇಷನ್ ಆಗಿದೆ. ಎರಡನೆಯದನ್ನು ಸಹಜವಾಗಿ ಆಗಲು ಬಿಡಬೇಕೋ, ಮತ್ತೆ ಆಪರೇಷನ್ ಮಾಡಿಸಬೇಕೋ?”

ಕೇಳಿದವನು ಮಠದ ಹಳೆಯ ಶಿಷ್ಯ ಶಿವಮಲ್ಲ. ತುಂಬು ಬಸುರಿಯಾದ ಹೆಂಡತಿಯನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ ಅವನು ಒಬ್ಬನೇ ಒಳಗೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಸೊಸೆಗೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಯಿತು. ಮಗುವಿನ ತಲೆ ಮೇಲಾಗಿತ್ತು. ಆಪರೇಷನ್ ಮಾಡಿದರು. ಮಾಡಿದ್ದು ಸರಿಯೇ. ಆದರೆ ಹೊಟ್ಟೆ ಕೊಯ್ಯುವ ಸಂಗತಿ ವಾರ್ಡಿನಲ್ಲಿ ಎಲ್ಲರಿಗೂ ತಿಳಿದ ಮೇಲೆ ಅವಳಿಗೆ ತಿಳಿಯಿತು.

ಎರಡನೆಯ ಹೆರಿಗೆ ಗಂಡನ ಮನೆಯದು. ಸಹಜವಾಗಿಯೇ ಆಗಲಿ ಎಂದು ಅತ್ತೆ ಹೇಳಿದಳು. ಹಳೆಯ ಹೊಲಿಗೆ ಬಿಚ್ಚಿಕೊಂಡರೆ ಮಗಳನ್ನೂ ಮಗುವನ್ನೂ ಕಳೆದುಕೊಳ್ಳಬೇಕಾಗುತ್ತದೆ, ಆಪರೇಷನ್ನೇ ಆಗಲಿ ಎಂದು ಸೊಸೆಯ ತಾಯಿ ಹೇಳಿದಳು. ನೋವಿಗೆ ಹೆದರುವುದು ಬೀಗರ ವಂಶದಲ್ಲೇ ಇದೆ ಎಂದಳು ಅತ್ತೆ. ಹೊಲಿಗೆ ಬಿಚ್ಚಿದರೆ ಏನಾಗುತ್ತದೆಂದು ಜವಳಿ ಅಂಗಡಿಯವರಿಗಾದರೂ ಗೊತ್ತಿರಬೇಕಿತ್ತು ಎಂದಳು ತಾಯಿ. ಸೊಸೆಯ ಗಂಡ ಇಬ್ಬರ ಮಾತಿಗೂ ಹೌದೆನ್ನುತ್ತಿದ್ದ.

ಕೊನೆಗೆ ದೇವರಲ್ಲಿ ಹೂ ಕೇಳುವುದೆಂದಾಯಿತು. ದೇವರ ಮುಡಿಯಿಂದ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಅತ್ತೆ ತನ್ನ ಮನೆದೇವರಲ್ಲಿ ಸಹಜ ಹೆರಿಗೆಗೆ ಕೇಳಿದಳು. ಹೂ ಎಡಕ್ಕೆ ಬಿತ್ತು. ಅದು ಫ್ಯಾನಿನ ಗಾಳಿಗೆ ಬಿದ್ದದ್ದು ಎಂದು ಪೂಜಾರಿ ಫ್ಯಾನ್ ಆರಿಸಿದ. ಮುಂದಿನ ಹೂ ಬಲಕ್ಕೆ ಬಿತ್ತು. ತಾಯಿ ತನ್ನ ಮನೆದೇವರಲ್ಲಿ ಆಪರೇಷನ್ನಿಗೆ ಕೇಳಿದಳು. ಅಲ್ಲಿ ಫ್ಯಾನ್ ಇರಲಿಲ್ಲ. ಹೂ ಒಂದೇ ಸಲಕ್ಕೆ ಬಲಕ್ಕೆ ಬಿತ್ತು.

ಎರಡು ಅಪ್ಪಣೆಗಳೊಂದಿಗೆ ಎಲ್ಲರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಮೊದಲ ಆಪರೇಷನ್ನಿನ ವಿವರ ನೋಡಿದರು. ಈ ಸಲ ಮಗುವಿನ ತಲೆ ಕೆಳಗಿದೆ, ಎರಡೂ ದಾರಿಗಳು ತೆರೆದಿವೆ, ಎರಡರಲ್ಲೂ ಅದರದರ ಅಪಾಯವಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಆಮೇಲೆ ಉಳಿದವರನ್ನು ಹೊರಗೆ ಕಳಿಸಿ ಸೊಸೆಯನ್ನು ಕೇಳಿದರು.



“ನೋವು ತಿಂದು ನೋಡ್ತೀನಿ ಮೇಡಂ. ಹೊಲಿಗೆಗೆ ತೊಂದರೆ ಆದರೆ ತಕ್ಷಣ ಕೊಯ್ಯೋಕೆ ನೀವು ಇಲ್ಲೇ ಇರ್ತೀರಾ?”

“ಇರ್ತೀನಿ. ಎಲ್ಲ ಸಿದ್ಧ ಮಾಡಿಟ್ಟುಕೊಂಡೇ ಇರ್ತೀವಿ.”

“ನಡುವೆ ನನಗೇ ಸಾಕು ಅನ್ನಿಸಿದರೆ?”

“ಸಾಕು ಅಂತ ಹೇಳಮ್ಮ. ಆಪರೇಷನ್ ಮಾಡ್ತೀನಿ.”

ನೋವು ತಾನಾಗಿಯೇ ಬಂತು. ಬೆಳಗಿನಿಂದ ಸಂಜೆಯವರೆಗೆ ಅವಳು ತಡೆದುಕೊಂಡಳು. ಹೆರಿಗೆ ಮುಂದೆ ಸಾಗಲಿಲ್ಲ. ಇನ್ನೂ ಸ್ವಲ್ಪ ಕಾಯಬಹುದು, ಆದರೆ ಕಾದಷ್ಟೂ ಹಳೆಯ ಗಾಯದ ಮೇಲೆ ಭಾರ ಹೆಚ್ಚುತ್ತದೆ ಎಂದು ಡಾಕ್ಟರಮ್ಮ ತಿಳಿಸಿದರು. ಅವಳು ಸಾಕು ಎಂದಳು. ಆಪರೇಷನ್ ಆಯಿತು. ಬಾಣಂತಿ, ಮಗು ಇಬ್ಬರೂ ಕ್ಷೇಮ.

ನೋವು ತಾನಾಗಿ ಬಂದದ್ದು ತನ್ನ ದೇವರ ಮಾತಿನಂತೆ ಎಂದಳು ಅತ್ತೆ. ಆಪರೇಷನ್ ಆದದ್ದು ತನ್ನ ದೇವರ ಮಾತಿನಂತೆ ಎಂದಳು ತಾಯಿ. ಇಬ್ಬರೂ ಹೋಗಿ ಹರಕೆ ಒಪ್ಪಿಸಿ ಬಂದರು. ಸೊಸೆ ಮಾತ್ರ ಮೊದಲ ಗಾಯದ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದಳು. ಎರಡನೆಯ ಗಾಯದ ಕತೆಯನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಗುರುಗಳು ಕತೆ ಮುಗಿಸಿದರು. ಶಿವಮಲ್ಲನಿಗೆ ಸಮಾಧಾನವಾಗಲಿಲ್ಲ.

“ಅದು ಅವರ ಮನೆಯ ಮಾತಾಯಿತು, ಬುದ್ಧಿ. ನಮ್ಮ ಮನೆಯಲ್ಲಿ ಯಾವುದು ಮಾಡಿಸಲಿ? ತಾವು ಅಪ್ಪಣೆ ಕೊಟ್ಟ ಹಾಗೆ.”

ಗುರುಗಳು ಹೇಳಿದರು: “ಶಿವಮಲ್ಲ, ನಾನು ಒಮ್ಮೆಯೂ ಹೆತ್ತವನಲ್ಲ. ಒಳಗೆ ಬರುವಾಗ ನೀನು ಜಗಲಿಯ ಮೇಲೆ ಯಾರನ್ನು ದಾಟಿಕೊಂಡು ಬಂದೆಯೋ, ಅವಳು ಒಮ್ಮೆ ಹೆತ್ತಿದ್ದಾಳೆ.”