ಅರಿಶಿನವಿಲ್ಲದ ಕಾಗದ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ದೂರದ ಊರಿನಲ್ಲಿರುವ ಅಕ್ಕನಿಗೆ ಕಾಗದ ಬರೆದು ಮೂರು ವರ್ಷವಾಯಿತು. ಬರೆಯೋಣವೆಂದರೆ ಸುದ್ದಿಯೇ ಇಲ್ಲ. ಸುದ್ದಿಯಿಲ್ಲದೆ ಏನೆಂದು ಬರೆಯಲಿ?"

"ಕಡೆಯ ಸಲ ಏನು ಬರೆದಿದ್ದೆ?"

"ಅಮ್ಮ ತೀರಿಕೊಂಡದ್ದನ್ನು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ತಂಗಿಯನ್ನು ಒಂದು ಹಗಲು ಒಂದು ರಾತ್ರಿಯ ರೈಲು ದಾರಿಯಾಚೆ ಮದುವೆ ಮಾಡಿ ಕೊಟ್ಟಿದ್ದರು. ನೇಕಾರ ನೂಲಿನಲ್ಲಿ ಹೇಗೋ ಮಾತಿನಲ್ಲೂ ಹಾಗೆ, ಒಂದೆಳೆ ಹೆಚ್ಚು ಹಾಕುವವನಲ್ಲ. "ಏನರ ಆದ್ರ ಬರೀತೀನಿ. ಬರೀಲಿಲ್ಲಂದ್ರ ಎಲ್ಲಾ ಆರಾಮ ಅಂತ ತಿಳಕೋ" ಎಂದು ಹೇಳಿ ತಂಗಿಯನ್ನು ಕಳಿಸಿದ್ದ. ಹೇಳಿದಂತೆಯೇ ನಡೆದ, ಪುಣ್ಯಾತ್ಮ. ಹದಿನಾಲ್ಕು ವರ್ಷದಲ್ಲಿ ನಾಲ್ಕೇ ಕಾಗದ. ಮಗಳ ಮದುವೆಗೆ ಬರೆದದ್ದರ ಮೂಲೆಗಳಿಗೆ ಅರಿಶಿನ ಹಚ್ಚಿದ್ದ. ಉಳಿದ ಮೂರರ ಮೂಲೆಗಳು ಬರಿದಾಗಿದ್ದವು. ಅಪ್ಪ ಹೋದಾಗ ಒಂದು, ಅವ್ವ ಹೋದಾಗ ಒಂದು, ನಡುವಿನ ತಮ್ಮ ಹೋದಾಗ ಒಂದು.

ಐದನೆಯ ಕಾಗದ ತಂಗಿಯ ಕೈಗೆ ಬಂದದ್ದು ಒಂದು ಸೋಮವಾರ. ಆ ಶುಕ್ರವಾರ ಮನೆಯಲ್ಲಿ ಮೈದುನನ ಮದುವೆ. ಹಿರಿಯ ಸೊಸೆ ಅವಳು, ಅವಳಿಲ್ಲದೆ ಒಂದು ಶಾಸ್ತ್ರವೂ ಮುಂದೆ ಹೋಗದು. ಲಕೋಟೆಯ ಮೂಲೆ ನೋಡಿದಳು. ಅರಿಶಿನವಿಲ್ಲ. ಯಾರೋ ಹೋಗಿದ್ದಾರೆ. ಸಾವಿನ ಸುದ್ದಿ ತಿಳಿದ ಗಳಿಗೆಯಿಂದ ಸೂತಕ, ಸೂತಕವಿರುವವಳು ಕಲಶ ಮುಟ್ಟುವಂತಿಲ್ಲ. ತಿಳಿಯದಿದ್ದರೆ ಸೂತಕವೂ ಇಲ್ಲ. ಅವಳು ಕಾಗದವನ್ನು ಒಡೆಯದೆ ಪೆಟ್ಟಿಗೆಯ ತಳದಲ್ಲಿಟ್ಟಳು.

ಪೆಟ್ಟಿಗೆ ಮುಚ್ಚಿದರೆ ಮನಸ್ಸು ಮುಚ್ಚುತ್ತದೆಯೇ? ವಿಳಾಸದ ಅಕ್ಷರ ಅಣ್ಣನದು, ಅಂದರೆ ಹೋದದ್ದು ಅವನಲ್ಲ. ಅತ್ತಿಗೆಯೇ? ಅಣ್ಣನ ಮಗಳೇ? ಕಿರಿಯ ತಮ್ಮನ ಹೆಸರು ಮನಸ್ಸಿಗೆ ಬಂದ ಕೂಡಲೇ ಬಿಡ್ತು ಬಿಡ್ತು ಅಂದುಕೊಂಡಳು. ಐದು ದಿನ ಉಂಡಿ ಕಟ್ಟಿದಳು, ಸೋಬಾನೆ ಹಾಡಿದಳು, ಒಳಗೊಳಗೇ ತವರಿನ ಒಬ್ಬೊಬ್ಬರನ್ನೂ ಸಾಯಿಸಿ ಬದುಕಿಸಿದಳು.

ಶನಿವಾರ ಬೆಳಿಗ್ಗೆ ನೆಂಟರು ಹೊರಟರು. ಅವಳು ಮೊದಲು ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ಸಾವಿನ ಸುದ್ದಿ ಓದಿದವರು ಸ್ನಾನ ಮಾಡಬೇಕಲ್ಲ. ಆಮೇಲೆ ಕಾಗದ ಒಡೆದಳು.

"ವಿಶೇಷ ಏನೂ ಇಲ್ಲ, ತಂಗಿ. ನೂಲು ತರಲು ಹೊರಟಿದ್ದೇನೆ. ಗುರುವಾರ ಮಧ್ಯಾಹ್ನ ರೈಲು ನಿಮ್ಮೂರಲ್ಲಿ ಹತ್ತು ನಿಮಿಷ ನಿಲ್ಲುತ್ತದಂತೆ. ಬಾಗಿಲಲ್ಲಿ ನಿಂತಿರುತ್ತೇನೆ. ನಿನ್ನ ಮುಖ ನೋಡಬೇಕು ಅನ್ನಿಸಿದೆ, ಅಷ್ಟೆ."

ಗುರುವಾರ ಕಳೆದು ಎರಡು ದಿನವಾಗಿತ್ತು. ಒಲೆಯ ಮುಂದೆ ಕೂತು ಅತ್ತಳು. ಅಂದೇ ರೈಲು ಹತ್ತಿದಳು.

ಅವಳು ತವರು ಮುಟ್ಟುವಷ್ಟರಲ್ಲಿ ಅಣ್ಣ ನೂಲು ತಂದು ಮರಳಿದ್ದ. ಅವಳನ್ನು ಕಂಡು ಮಗ್ಗದಿಂದ ಏಳಲಿಲ್ಲ. "ಹತ್ತು ನಿಮಿಷ ಬರಾಕ ಆಗಲಿಲ್ಲೇನವಾ ನಿನಗ? ಸೀಟಿ ಊದೂತನಕ ಬಾಗಲಾ ಹಿಡಕೊಂಡು ನಿಂತಿದ್ದೆ" ಎಂದ.

"ಅರಿಶಿನ ಇಲ್ಲದ ನಿನ್ನ ಕಾಗದ ಬಂದಾಗೆಲ್ಲ ನಮ್ಮನ್ಯಾಗ ಒಬ್ಬರು ಕಡಿಮಿ ಆಗ್ಯಾರ, ಅಣ್ಣಾ. ಈ ಸಲ ಯಾರು, ಯಾರು ಅಂತ ಐದು ದಿನ ಸತ್ತೀನಿ. ನಿನ್ನ ಅಕ್ಷರ ನೋಡಿ, ನೀ ಅಲ್ಲ ಅಂತ ಸಮಾಧಾನ ಮಾಡಕೊಂಡೆ. ಆ ಸಮಾಧಾನಕ್ಕ ನನಗ ನಾಚಿಕಿ ಬಂತು."

ನೇಕಾರ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಎದ್ದು ನಿಂತ. "ಅರ್ಥವಾಯಿತು, ಗುರುಗಳೇ. ಇವತ್ತೇ ಅಕ್ಕನಿಗೆ ಬರೆಯುತ್ತೇನೆ."

"ಬರೆ," ಎಂದರು ಗುರುಗಳು, "ಆದರೆ ನಿನ್ನ ಹಿಂದಿನ ಕಾಗದ ಅಮ್ಮನ ಸಾವಿನದು. ಇದು ತಲುಪಿದ ದಿನವೂ ಅವಳು ಮೊದಲು ಹಂಡೆಗೆ ನೀರು ತುಂಬುತ್ತಾಳೆ."